ಸುಮ್ಮನಿರಬಾರದ ಮಾತು

ನಾನು ಕೊಲ್ಲಾಪುರ ಬಳಿಯ ಶಿರೋಳಿಯಲ್ಲಿ ಫೌಂಡ್ರಿ ಕೆಲಸದವನು. 1946ರಲ್ಲಿ ಬೆಳಗಾವಿಯಲ್ಲಿ ಸೇರಿದ ಮರಾಠಿ ಸಾಹಿತ್ಯ ಸಮ್ಮೇಳನ ಸಂಯುಕ್ತ ಮಹಾರಾಷ್ಟ್ರ ಬೇಕೆಂದು ನಿರ್ಣಯ ಮಾಡಿತು. ಗಡಿ ಜಗಳ ಇನ್ನೂ ಮುಗಿದಿಲ್ಲ. ವಿದ್ವಾಂಸರ ಸಂಘಗಳಿಗೆ ರಾಜಕೀಯ ಬೇಡ ಎಂದೇ ನಾನು ನಂಬಿದ್ದೆ.

ಗಾಝಾ ನನ್ನ ಮನಸ್ಸು ಬದಲಿಸಿತು. 2025ರ ಜನವರಿಯಲ್ಲಿ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಸಭೆಯಲ್ಲಿ, ಅಲ್ಲಿನ ಶಾಲೆ, ವಿಶ್ವವಿದ್ಯಾಲಯ, ದಾಖಲೆ ಭಂಡಾರಗಳ ನಾಶವನ್ನು ವಿರೋಧಿಸುವ ನಿರ್ಣಯಕ್ಕೆ 428 ಮಂದಿ ಹೌದೆಂದರು, 88 ಮಂದಿ ಬೇಡವೆಂದರು. ಸಂಘದ ಕೌನ್ಸಿಲ್ ಮಾತ್ರ, ಇದು ನಮ್ಮ ವ್ಯಾಪ್ತಿಯಲ್ಲಿಲ್ಲ ಎಂದು ತಳ್ಳಿಹಾಕಿತು.

ಗಡಿ ಎಲ್ಲಿರಬೇಕೆಂದು ಇತಿಹಾಸಕಾರರ ಸಂಘ ಹೇಳಬೇಕಿಲ್ಲ. ಆದರೆ ದಾಖಲೆಗಳೇ ಸುಟ್ಟುಹೋದರೆ ಯಾವುದನ್ನು ನೋಡಿ ಇತಿಹಾಸ ಬರೆಯುವುದು? ಅಂಗಡಿಯಲ್ಲಿ ರಾಜಕೀಯ ಮಾತು ಬೇಡ ಎನ್ನುವ ನನ್ನ ತಂದೆಯೂ, ಪಕ್ಕದ ಅಂಗಡಿಯ ತಕ್ಕಡಿಯನ್ನು ಯಾರಾದರೂ ಒಡೆದರೆ ಸುಮ್ಮನೆ ಕೂರುವವರಲ್ಲ.