ಬಾಯಿ ಮುಚ್ಚಿಸಿ ಬೆಳೆದ ಕಾಫಿ

ವಾರಾಂತ್ಯ ಬಂತೆಂದರೆ ಬೆಂಗಳೂರಿನ ಕಂಪನಿಗಳು ನಮ್ಮ ಬೆಟ್ಟ ಹತ್ತುತ್ತವೆ. ಮೂಡಿಗೆರೆ, ಆಲ್ದೂರು, ಕಳಸದ ಕಡೆಯ ರೆಸಾರ್ಟು, ಹೋಂಸ್ಟೇಗಳ ಅಂಗಳದಲ್ಲಿ ನಾಯಕತ್ವದ ತರಬೇತಿ ನಡೆಯುತ್ತದೆ. ಕೆಳಗಿನವರ ಮಾತಿಗೆ ಕಿವಿ ಕೊಡಬೇಕು, ತಪ್ಪಾದಾಗ ಹೆದರದೆ ಹೇಳುವಂತಿರಬೇಕು, ತಂಡವೆಂದರೆ ಪರಸ್ಪರ ನಂಬಿಕೆ ಎಂದು ಅಲ್ಲಿ ಕಲಿಸುತ್ತಾರೆ. ಒಳ್ಳೆಯ ಮಾತುಗಳೇ. ಅದೇ ಹೊತ್ತಿಗೆ ಬೇಲಿಯಾಚೆ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಕುಯ್ಯುತ್ತಿರುತ್ತಾರೆ. ಅವರ ಬೆನ್ನ ಹಿಂದೆ ಒಂದು ದನಿ: "ಏನೇ, ಕೈ ಬಿದ್ದೋಗಿದ್ಯಾ? ಬಾಯಿ ಮುಚ್ಚಿ ಕುಯ್ಯೇ." ತರಬೇತಿಯ ಒಂದು ಮಾತೂ ಆ ಬೇಲಿ ದಾಟುವುದಿಲ್ಲ. ಆ ಅಂಗಳ, ಆ ತೋಟ, ಎರಡೂ ಒಬ್ಬನದೇ ಆಗಿದ್ದರೂ ದಾಟುವುದಿಲ್ಲ.

ನಾನು ತೋಟದ ಆಳುಗಳ ಲೈನ್ ಮನೆಯಲ್ಲಿ ಬೆಳೆದವನು. ತೋಟದಲ್ಲಿ ಅಧಿಕಾರ ಹೇಗೆ ಇಳಿದು ಬರುತ್ತದೆ ಎನ್ನುವುದನ್ನು ನನಗೆ ಯಾರೂ ಪಾಠ ಹೇಳಿಕೊಡಬೇಕಿಲ್ಲ. ಮೇಲೆ ಧಣಿ, ಅವರ ಕೆಳಗೆ ಮ್ಯಾನೇಜರು, ಆಮೇಲೆ ರೈಟರು, ಆಮೇಲೆ ಮೇಸ್ತ್ರಿ. ಧಣಿ ಮ್ಯಾನೇಜರನ್ನು ಗದರಿದ ದಿನ ಮೇಸ್ತ್ರಿಯ ನಾಲಿಗೆ ಉದ್ದವಾಗುತ್ತದೆ. ಸಿಟ್ಟು ಮೇಲಿಂದ ಕೆಳಕ್ಕೆ ಸಲೀಸಾಗಿ ಹರಿಯುತ್ತದೆ, ಸುದ್ದಿ ಮಾತ್ರ ಕೆಳಗಿಂದ ಮೇಲಕ್ಕೆ ಹತ್ತುವುದಿಲ್ಲ. ಹತ್ತಿಸಲು ಹೋದವರ ಹೆಸರು ಮಾರನೆಯ ದಿನ ಹಾಜರಿಯ ಚೆಕ್‌ರೋಲಿನಲ್ಲಿ ಇರುವುದಿಲ್ಲ.

ಇದು ಯಾರೋ ಒಬ್ಬಿಬ್ಬರು ಕೆಟ್ಟ ಮಾಲೀಕರ ಗುಣ ಎಂದು ತಳ್ಳಿಹಾಕುವವರು ಚರಿತ್ರೆ ಓದಲಿ. ಬಾಬಾಬುಡನ್ ಗಿರಿಗೆ ಕಾಫಿ ಬಂದದ್ದು ಒಬ್ಬ ಸೂಫಿಯ ಕೈಯಿಂದ. ಅದನ್ನು ನೂರಾರು ಎಕರೆಯ ತೋಟವಾಗಿ ಮಾಡಿದವರು ಹತ್ತೊಂಬತ್ತನೇ ಶತಮಾನದ ಬಿಳಿ ದೊರೆಗಳು. ಗಿಡದ ಜೊತೆಗೆ ಅವರು ಒಂದು ಆಳ್ವಿಕೆಯನ್ನೂ ನೆಟ್ಟರು. ಬ್ರಿಟಿಷ್ ಸರ್ಕಾರ 1859ರಲ್ಲಿ ಒಂದು ಕಾನೂನು ಮಾಡಿತ್ತು. ಮುಂಗಡ ಹಣ ಪಡೆದ ಕೂಲಿ ಕೆಲಸ ಬಿಟ್ಟು ಹೋದರೆ ಅದು ಬರೀ ಸಾಲದ ವ್ಯಾಜ್ಯವಲ್ಲ, ಜೈಲಿಗೆ ಹಾಕಬಹುದಾದ ಅಪರಾಧ. ಭಾರತದ ತೋಟಗಳ ಮಾಲೀಕರಿಗೆ ಅದು ಬಲವಾದ ಆಯುಧವಾಯಿತು. ಆ ಕಾನೂನನ್ನು ರದ್ದು ಮಾಡಿದ್ದು 1925ರಲ್ಲಿ. ಜೀತ ನಿಷೇಧವಾದದ್ದು 1976ರಲ್ಲಿ. ಕಾಗದದ ಮೇಲೆ ಎಲ್ಲ ಮುಗಿದಿತ್ತು.

ಆದರೂ 2022ರ ಅಕ್ಟೋಬರಿನಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದಲ್ಲಿ ಮುಂಗಡ ತೀರಿಸದೆ ಹೊರಟರೆಂಬ ಕಾರಣಕ್ಕೆ ದಲಿತ ಕಾರ್ಮಿಕರನ್ನು ಕೋಣೆಯಲ್ಲಿ ಕೂಡಿಹಾಕಿದರೆಂಬ ದೂರು ಬಾಳೆಹೊನ್ನೂರು ಠಾಣೆ ಹತ್ತಿತು. ಅವರಲ್ಲೊಬ್ಬಳು ಬಸುರಿ ಹೆಣ್ಣುಮಗಳು. ಹೊಡೆದರು, ಮಗು ಹೋಯಿತು ಎಂದು ಆಕೆ ಆಸ್ಪತ್ರೆಯಿಂದ ಹೇಳಿದಳು. ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ನ್ಯಾಯಾಲಯದ ಮಾತು ನ್ಯಾಯಾಲಯಕ್ಕಿರಲಿ. ನಾನು ಕೇಳುವುದು ಇಷ್ಟು: ಸಾಲದ ಹಣಕ್ಕೂ ಬಾಗಿಲಿನ ಚಿಲಕಕ್ಕೂ ಏನು ಸಂಬಂಧ? ಆ ಸುದ್ದಿ ಓದಿ ನಮ್ಮ ಲೈನುಗಳಲ್ಲಿ ಬೆಚ್ಚಿಬಿದ್ದವರು ಕಡಿಮೆ. ಪೇಟೆಯವರು ಬೆಚ್ಚಿದರು, ಲೈನಿನವರು ತಲೆ ತಗ್ಗಿಸಿದರು.

ಮನೆಯ ಮಾತಿಗೆ ಬರುತ್ತೇನೆ, ಏಕೆಂದರೆ ಎಲ್ಲದರ ಬೇರು ಅಲ್ಲಿದೆ. ತೋಟದ ಆಳಿಗೆ ಕೆಲಸ ಕೊಡುವವನೂ ಧಣಿ, ಮನೆ ಕೊಟ್ಟವನೂ ಧಣಿ, ಮದುವೆಗೋ ಕಾಯಿಲೆಗೋ ಸಾಲ ಕೊಟ್ಟವನೂ ಧಣಿ. ಕಚೇರಿಯಲ್ಲಿ ಮೇಲಧಿಕಾರಿಯ ಜೊತೆ ಜಗಳ ಮಾಡಿದವನು ಸಂಜೆ ತನ್ನ ಮನೆಗೆ ಹೋಗಿ ಉಣ್ಣುತ್ತಾನೆ. ಲೈನಿನ ಹೆಂಗಸು ರೈಟರಿಗೆ ಎದುರು ಮಾತಾಡಿದರೆ ಸಂಜೆಗೆ ಸೂರು ಇರುತ್ತದೆಯೋ ಇಲ್ಲವೋ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮನೆ, ನೀರು, ಕಕ್ಕಸು, ಔಷಧಿ, ಕೂಸುಗಳಿಗೆ ತೊಟ್ಟಿಲುಮನೆ ಎಲ್ಲವನ್ನೂ ಮಾಲೀಕನ ಹೊಣೆ ಎಂದು ಬರೆಯಿತು. ಕಾಯ್ದೆಯ ಹಕ್ಕು ತೋಟಕ್ಕೆ ಬರುವಷ್ಟರಲ್ಲಿ ಧಣಿಯ ದಯೆಯಾಗಿತ್ತು. ಅದೂ ಐದು ಹೆಕ್ಟೇರು, ಹದಿನೈದು ಆಳು ಇರುವ ತೋಟಕ್ಕೆ ಮಾತ್ರ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಚಿಕ್ಕ ತೋಟಗಳಲ್ಲಿ ದುಡಿಯುವ ಎಷ್ಟೋ ಜನರಿಗೆ ಆ ಕಾಗದದ ಹಕ್ಕೂ ದಕ್ಕಲಿಲ್ಲ.

ಸರ್ಕಾರಿ ಜಮೀನು ಒತ್ತುವರಿ ಮಾಡಿ ತೋಟ ಕಟ್ಟಿದವರಿಗೆ 25 ಎಕರೆವರೆಗೆ ಗುತ್ತಿಗೆ ಕೊಡಲು ಕಾನೂನನ್ನೇ ತಿದ್ದಿದ ಸರ್ಕಾರ, ಮೂರು ತಲೆಮಾರು ಲೈನಿನಲ್ಲಿ ಸವೆದವರಿಗೆ ನಾಲ್ಕು ಗೋಡೆ ಎಬ್ಬಿಸಲು ಸೈಟು ಇಲ್ಲ ಎನ್ನುತ್ತದೆ. ಮೂಡಿಗೆರೆ ಮೀಸಲು ಕ್ಷೇತ್ರ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಲೋಕಸಭೆಗೆ ಮರಳಿದ್ದು ಈ ಚಿಕ್ಕಮಗಳೂರಿನಿಂದಲೇ. ನಮ್ಮ ಓಟು ದೆಹಲಿ ತಲುಪಿತು, ನಾವು ಲೈನಿನಲ್ಲೇ ಉಳಿದೆವು. ಸ್ವಂತ ಸೂರಿಲ್ಲದವರಿಗೆ ಸ್ವಂತ ಮಾತು ಇರುವುದಿಲ್ಲ. ಮಾತಿಲ್ಲದ ಕಡೆ ಗುಂಪು ಇರಬಹುದು, ತಂಡ ಇರುವುದಿಲ್ಲ.

ಈಗ ಧಣಿಗಳಿಗೆ ಅರ್ಥವಾಗುವ ಲೆಕ್ಕ ಹೇಳುತ್ತೇನೆ. ಗದರಿಸಿ ದುಡಿಸಿದರೆ ಕೆಲಸ ಹೆಚ್ಚಾಗುತ್ತದೆ ಎನ್ನುವುದು ಶುದ್ಧ ಸುಳ್ಳು. ಅರೇಬಿಕಾ ಗಿಡದಲ್ಲಿ ಹಣ್ಣೆಲ್ಲ ಒಟ್ಟಿಗೆ ಮಾಗುವುದಿಲ್ಲ. ಒಂದೇ ಗೊಂಚಲಲ್ಲಿ ಕೆಂಪೂ ಇರುತ್ತದೆ, ಹಸಿರೂ ಇರುತ್ತದೆ. ಕೆಂಪನ್ನಷ್ಟೇ ಆರಿಸಿ, ತೊಟ್ಟಿನ ಬುಡ ಕೀಳದಂತೆ, ಕೊಂಬೆ ಸೀಳದಂತೆ ಬಿಡಿಸಬೇಕು. ಹಸಿರು ಕಾಯಿ ಪಲ್ಪರಿಗೆ ಹೋದರೆ ಸಿಪ್ಪೆ ಬಿಡದು, ಕಪ್ಪಿಗೆ ಬಂದರೆ ಹುಲ್ಲಿನ ರುಚಿ. ಗೊಂಚಲಿನ ಬುಡ ಕಿತ್ತರೆ, ಕೊಂಬೆ ಸೀಳಿದರೆ ಮುಂದಿನ ವರ್ಷದ ಫಸಲಿಗೇ ಏಟು. ಇದನ್ನು ಮಾಡಬೇಕಾದ್ದು ಕುಯ್ಯುವವಳ ಕಣ್ಣು ಮತ್ತು ಬೆರಳು. ಆದರೆ ರೈಟರು ಕೇಳುವುದು ಒಂದೇ: ಎಷ್ಟು ಕೆಜಿ? ಕೆಜಿಗೆ ಇಷ್ಟೆಂದು ಕೂಲಿ, ಕಡಿಮೆ ತೂಗಿದವಳಿಗೆ ಎಲ್ಲರೆದುರು ಬಯ್ಗುಳ. ತೂಕಕ್ಕೆ ಹೆದರಿದ ಕೈ ಗೊಂಚಲನ್ನೇ ಸೆಳೆದು ಚೀಲಕ್ಕೆ ಹಾಕುತ್ತದೆ. ಸಂಜೆ ಕಣದಲ್ಲಿ ಹಸಿರು ಕಾಯಿ ನೋಡಿ "ಇವಕ್ಕೆ ಬುದ್ಧಿ ಇಲ್ಲ" ಎಂದು ಬೈಯುವ ಮ್ಯಾನೇಜರೇ, ಬುದ್ಧಿಯನ್ನು ಬೆಳಗ್ಗೆ ತಕ್ಕಡಿಗೆ ಒತ್ತೆಯಿಟ್ಟವನು ನೀನು.

1939ರಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದ ಐಯೋವಾದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಆಜ್ಞೆ ಮಾಡುವ ಯಜಮಾನನಿದ್ದ ಗುಂಪು ಅವನು ಕಣ್ಣೆದುರು ಇರುವತನಕ ಚೆನ್ನಾಗಿಯೇ ಕೆಲಸ ಮಾಡಿತು. ಅವನು ಕೋಣೆಯಿಂದ ಆಚೆ ಹೋದೊಡನೆ ಕೆಲಸ ಬಿತ್ತು. ಎಲ್ಲರೊಡನೆ ಮಾತಾಡಿ ತೀರ್ಮಾನ ಮಾಡುವವನಿದ್ದ ಗುಂಪು ಅವನಿಲ್ಲದಾಗಲೂ ಮುಂದುವರಿಸಿತು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು: ಆಜ್ಞೆಯ ಗುಂಪಿನ ಹುಡುಗರು ಯಜಮಾನನ ಮೇಲೆ ತೋರಲಾಗದ ಸಿಟ್ಟನ್ನು ತಮ್ಮಲ್ಲೇ ಒಬ್ಬನ ಮೇಲೆ ತೀರಿಸಿಕೊಂಡರು.

ಇದೇ ಇಂದು ನಮ್ಮ ತೋಟಗಳಲ್ಲಿ ಆಗುತ್ತಿದೆ. ಅಸ್ಸಾಂ, ಜಾರ್ಖಂಡ್, ಬಂಗಾಳಗಳಿಂದ ಕುಟುಂಬಗಳು ಕೊಯ್ಲಿಗೆ ಬಂದಿವೆ. ಅವರಿಗೆ ಕನ್ನಡ ಬಾರದು, ಮೇಸ್ತ್ರಿಗೆ ಅವರ ಮಾತು ಬಾರದು. ನಡುವಿನ ಏಜೆಂಟ್ ಹೇಳಿದ್ದೇ ಲೆಕ್ಕ, ಅವನು ಕೊಟ್ಟದ್ದೇ ಕೂಲಿ. ನಮ್ಮ ಲೈನಿನ ಜನ ಕೂಲಿ ಏರದ ಸಿಟ್ಟನ್ನು ಧಣಿಯ ಮೇಲೆ ತೋರಿಸಲಾರದೆ ಆ ಅಸ್ಸಾಮಿ ಹೆಂಗಸಿನ ಮೇಲೆ ತೋರಿಸುತ್ತಾರೆ. "ಇವರು ಬಂದಮೇಲೆ ನಮಗೆ ಕೆಲಸ ಇಲ್ಲ" ಎನ್ನುತ್ತಾರೆ. ಅಕ್ಕಾ, ಅಣ್ಣಾ, ನಿಮ್ಮ ಕೂಲಿ ಕಸಿದದ್ದು ಅವಳಲ್ಲ. ನಿಮ್ಮ ಅಜ್ಜನನ್ನು ಘಟ್ಟದ ಕೆಳಗಿಂದ ಮೇಸ್ತ್ರಿಯೊಬ್ಬ ಮುಂಗಡ ಕೊಟ್ಟು ಹತ್ತಿಸಿದ ಹಾಗೆಯೇ ಅವಳನ್ನೂ ರೈಲು ಹತ್ತಿಸಿದ್ದಾರೆ.

ಬಾಯಿ ಮುಚ್ಚಿಸಿದರೆ ಆಗುವ ನಷ್ಟಕ್ಕೆ ಬಿಳಿ ಕಾಂಡಕೊರಕದ ಕತೆ ಇನ್ನೂ ಸ್ಪಷ್ಟ ಉದಾಹರಣೆ. ಬೆಳೆಗಾರರೆಲ್ಲ ಬೋರರ್ ಎಂದು ನಿದ್ದೆಗೆಡುವ ಹುಳು ಅದು. ದುಂಬಿ ಅರೇಬಿಕಾ ಕಾಂಡದ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ, ಮರಿ ಒಳಗೆ ಕೊರೆಯುತ್ತಾ ಹೋಗುತ್ತದೆ. ಕಾಂಡದ ಮೇಲೆ ಏಳುವ ಸಣ್ಣ ಏಣು, ಹಳದಿಗೆ ತಿರುಗುವ ಎಲೆ, ಇಷ್ಟೇ ಗುರುತು. ದುಂಬಿ ಹೊರಗೆ ಹಾರುವ ಮುಂಚೆ ಅಂಥ ಗಿಡ ಪತ್ತೆ ಮಾಡಿ ಕಿತ್ತು ಸುಡಬೇಕು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ವಿಜ್ಞಾನಿಗಳು ಬೇಕಾದಷ್ಟು ಬರೆದಿದ್ದಾರೆ. ಆದರೆ ಗಿಡದಿಂದ ಗಿಡಕ್ಕೆ ಬಗ್ಗಿ ನೋಡುವವಳು ಕೂಲಿ ಹೆಂಗಸು. ಅವಳು ಬಾಯಿ ಬಿಟ್ಟರೆ ತೋಟದ ಆ ಪಟ್ಟಿ ಉಳಿಯುತ್ತದೆ.

ಅವಳು ಬಾಯಿ ಬಿಡುತ್ತಾಳೆಯೇ? ನನ್ನ ಅವ್ವ ಒಮ್ಮೆ ಬಿಟ್ಟಳು. ನೆರಳುಮರಗಳ ಮರಗಸಿ ಅತಿಯಾಗಿ, ಬಿಸಿಲು ನೇರ ಕಾಂಡಕ್ಕೆ ಬೀಳುತ್ತಿದ್ದ ಪಟ್ಟಿಯದು. "ರೈಟ್ರೇ, ಈ ಸಾಲಿನಾಗೆ ಬೋರರ್ ಬಿದ್ದೈತೆ" ಅಂದಳು. "ನೀನೇನು ಕಾಫಿ ಬೋರ್ಡಿನ ಆಫೀಸರಾ? ಕಳೆ ಕೀಳು" ಅಂದರು. ಎರಡು ವರ್ಷದಲ್ಲಿ ಆ ಪಟ್ಟಿ ಬೋಳಾಯಿತು. ಅವ್ವ ಮತ್ತೆಂದೂ ಯಾರಿಗೂ ಏನೂ ಹೇಳಲಿಲ್ಲ. ನಷ್ಟ ಧಣಿಗೆ ಆಯಿತು ಎನ್ನುತ್ತಾರೆ. ಕೂಲಿ ದಿನ ಕಡಿಮೆಯಾದದ್ದು ನಮಗೂ ಅಲ್ಲವೇ?

ಇದೇ ಮೂಡಿಗೆರೆಯ ನೆಲದಲ್ಲಿ ಕಾಫಿ ಬೆಳೆಯುತ್ತಲೇ ಬರೆದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಪ್ರಕಟವಾಗಿ ನಾಲ್ಕು ದಶಕ ದಾಟಿತು. ಅದರ ವಿಜ್ಞಾನಿ ಹಾರುವ ಓತಿಯನ್ನು ಹುಡುಕಲು ಹೊರಟಾಗ ಊರಿನವರು ಕೆಲಸಕ್ಕೆ ಬಾರದವನೆಂದು ಬಿಟ್ಟಿದ್ದ ಮಂದಣ್ಣನ ಕಣ್ಣನ್ನು ನಂಬುತ್ತಾನೆ. ನಾಯಕತ್ವದ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ. ಅದನ್ನು ಓದಿದ ಬೆಳೆಗಾರರ ಮನೆಗಳು ಈ ತಾಲ್ಲೂಕಿನಲ್ಲಿ ಎಷ್ಟೋ ಇವೆ. ಪುಸ್ತಕ ಕಪಾಟಿನಲ್ಲಿದೆ, ಮಂದಣ್ಣನಿಗೆ ಇನ್ನೂ ಹಿತ್ತಿಲ ಕಡೆ ಬೇರೆ ಲೋಟ. ತಾನು ಬೆಳೆದ ಕಾಫಿಯನ್ನು ಜಗಲಿಯಿಂದ ಕೆಳಗೆ ನಿಂತು ಕುಡಿಯುವವನು ಜಗಲಿಯ ಮೇಲೆ ಕೂತವನಿಗೆ ಸತ್ಯ ಹೇಳಲಿ ಎಂದು ಯಾವ ಬಾಯಿಂದ ಬಯಸುತ್ತೀರಿ?

ಸತ್ಯ ಹೇಳದಿದ್ದರೆ ಗಿಡ ಸಾಯುವುದಷ್ಟೇ ಅಲ್ಲ, ಜನ ಸಾಯುತ್ತಾರೆ. ಮೆಣಸು ಕುಯ್ಯುವಾಗ, ಮರಗಸಿ ಮಾಡುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸತ್ತವರ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಪ್ರತಿ ಹಂಗಾಮಿಗೂ ಬರುತ್ತದೆ. ತಂತಿ ಜೋತುಬಿದ್ದಿದೆ ಎಂದು ಏಣಿ ಹೊರುವವನಿಗೆ ಮೊದಲೇ ಗೊತ್ತಿರುತ್ತದೆ. "ಇವತ್ತು ಆ ಕಡೆ ಬೇಡ" ಅನ್ನುವ ಅಧಿಕಾರ ಅವನಿಗಿಲ್ಲ. 2023ರ ನವೆಂಬರಿನಲ್ಲಿ ಆಲ್ದೂರು ಬಳಿಯ ಹೆಡದಾಳಿನಲ್ಲಿ ಬೆಳಗ್ಗೆ ಕೆಲಸಕ್ಕೆ ಹೊರಟ ಹೆಂಗಸನ್ನು ಕಾಡಾನೆ ಕೊಂದಿತು. ಆನೆ ಯಾವ ಹಳ್ಳದಿಂದ ಹತ್ತಿತು, ಯಾವ ತೋಟದಲ್ಲಿ ಲದ್ದಿ ಹಸಿಯಾಗಿದೆ ಎನ್ನುವುದು ಅರಣ್ಯ ಇಲಾಖೆಗಿಂತ ಮುಂಚೆ ಲೈನಿಗೆ ತಿಳಿದಿರುತ್ತದೆ. ಆದರೂ ಹಾಜರಿ ಹೋಗುತ್ತದೆಂದು ಮಂಜಿನಲ್ಲೇ ಹೊರಡುತ್ತಾರೆ. ಒಂದು ದಿನದ ಕೂಲಿಗೂ ಒಂದು ಜೀವಕ್ಕೂ ನಡುವೆ ನಿಲ್ಲಬೇಕಾದವನನ್ನೇ ನಾಯಕ ಎನ್ನುವುದು. ನಿಂತವರೆಷ್ಟು?

ಆಳಿಗೂ ಬೆಲೆ ಕೊಡಬಹುದು ಎನ್ನುವುದನ್ನು ನೋಡಲು ದೂರ ಹೋಗಬೇಕಿರಲಿಲ್ಲ. ಕುದುರೆಮುಖದ ಗಣಿ ನನಗೆ ಪ್ರಿಯವಾದದ್ದಲ್ಲ. ಭದ್ರೆಗೆ ಹೂಳು ತುಂಬಿದ ಗಣಿ ಅದು, 2005ರ ಕೊನೆಗೆ ನಿಂತದ್ದೇ ಒಳ್ಳೆಯದಾಯಿತು. ಆದರೆ ಕಳಸದ ಬೆಟ್ಟದ ಆಚೆ ಮಗ್ಗುಲಿಗೆ ಆ ಗಣಿ ಕಂಪನಿಯ ಕೆಲಸಗಾರರಿಗೆ ಯೂನಿಯನ್ ಇತ್ತು, ಆಸ್ಪತ್ರೆ ಇತ್ತು, ಮಕ್ಕಳಿಗೆ ಶಾಲೆ ಇತ್ತು. ಈಚೆ ಮಗ್ಗುಲಿನ ತೋಟದ ಆಳು ಅದನ್ನು ನೋಡುತ್ತಲೇ ಮುದುಕನಾದ. ಮಳೆ ಒಂದೇ, ಇಂಬಳ ಒಂದೇ, ಮನುಷ್ಯನ ಬೆಲೆ ಮಾತ್ರ ಬೇರೆ.

ಬೆಳೆಗಾರರ ಕಷ್ಟ ನನಗೆ ಗೊತ್ತು. ಹೂಮಳೆ ಕೈಕೊಡುತ್ತದೆ, ಕುಯ್ಯುವ ಹೊತ್ತಿಗೆ ಅಕಾಲ ಮಳೆ ಸುರಿಯುತ್ತದೆ, ಬೆಲೆ ಬಿದ್ದ ವರ್ಷ ಸಾಲ ಕುತ್ತಿಗೆಗೆ ಬರುತ್ತದೆ. ನಾಲ್ಕೆಕರೆಯ ಸಣ್ಣ ಬೆಳೆಗಾರ ತಾನೇ ಕತ್ತಿ ಹಿಡಿದು ಆಳಿನ ಪಕ್ಕದಲ್ಲಿ ಚಿಗುರು ತೆಗೆಯುವುದನ್ನೂ, ಇಬ್ಬರೂ ಒಂದೇ ಬುತ್ತಿ ಹಂಚಿಕೊಳ್ಳುವುದನ್ನೂ ಕಂಡಿದ್ದೇನೆ. ಅಲ್ಲಿ ಕೆಲಸ ಬೇರೆಯದೇ ಹದದಲ್ಲಿ ಸಾಗುತ್ತದೆ. ಅಂಥವರ ಮೇಲೆ ನನ್ನ ಸಿಟ್ಟಿಲ್ಲ. ಆದರೆ 2025ರ ಆರಂಭಕ್ಕೆ ಕಾಫಿ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ ಆ ಎತ್ತರದಿಂದ ಲೈನಿಗೆ ಎಷ್ಟು ಇಳಿಯಿತು, ಹೇಳಿ. ಬೆಲೆ ಬಿದ್ದಾಗ "ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ" ಎಂದವರು ಏರಿದಾಗ ಆ ಮನೆಯ ಲೆಕ್ಕ ತೋರಿಸಲಿಲ್ಲ. "ಆಳು ಸಿಗುತ್ತಿಲ್ಲ" ಎಂದು ಪ್ರತಿ ಸಭೆಯಲ್ಲೂ ಗೋಳಾಡುತ್ತೀರಿ. ನಮ್ಮ ಹುಡುಗರು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋಗಿ ಹನ್ನೆರಡು ತಾಸು ನಿಂತೇ ಇರುತ್ತಾರೆ, ಆದರೂ ತೋಟಕ್ಕೆ ಮರಳುವುದಿಲ್ಲ. ಅಲ್ಲಿ ಅವರನ್ನು ಯಾರೂ "ಯಾರ ಮಗ ನೀನು" ಎಂದು ಕೇಳುವುದಿಲ್ಲ. ಅದಕ್ಕೆ ಹೋಗಿದ್ದಾರೆ.

ಮುಂದಿನ ಕೊಯ್ಲಿಗೆ ಮೊದಲು ಮಾಡಬೇಕಾದ್ದು ದೊಡ್ಡ ದೊಡ್ಡ ತರಬೇತಿಯಲ್ಲ. ತೂಕದ ಚೀಟಿಯನ್ನು ಕುಯ್ದವಳ ಕೈಗೇ ಕೊಡಿ. ಹಣ್ಣು ಆರಿಸಿ ಕುಯ್ದವಳಿಗೆ ಗೊಂಚಲು ಸೆಳೆದವಳಿಗಿಂತ ಹೆಚ್ಚು ಕೂಲಿ ಕೊಡಿ. ಮುಂಗಡದ ಲೆಕ್ಕ ಬರೆದ ಪುಸ್ತಕ ಸಾಲಗಾರನ ಬಳಿಯೂ ಒಂದಿರಲಿ. ಆನೆ ಬಂದ ದಿನ, ತಂತಿ ಬಿದ್ದ ದಿನ ಕೆಲಸ ಬೇಡವೆಂದವರ ಹಾಜರಿ ಕತ್ತರಿಸಬೇಡಿ. ಮನೆಯ ಹಕ್ಕುಪತ್ರವನ್ನು ಲೈನಿನವರ ಹೆಸರಿಗೆ ಮಾಡಿ, ನೀವು ಮಾಡದಿದ್ದರೆ ನಾವು ತಾಲ್ಲೂಕು ಕಚೇರಿಯ ಮುಂದೆ ಕೂರುತ್ತೇವೆ. ಸಂಘ ಕಟ್ಟಲು ಬಂದ ಹುಡುಗನನ್ನು ಗೇಟಿನಲ್ಲೇ ತಡೆಯಬೇಡಿ. ತಡೆದರೆ ಅವನು ಲೈನಿನ ಹಿಂದಿನ ಕಾಲುದಾರಿಯಲ್ಲಿ ಬರುತ್ತಾನೆ. ಆ ದಾರಿ ನಮಗೆ ಗೊತ್ತು.