ಹಲ್ಲಿಯ ಹಳೇ ಅಂಗಿ ಬೆರಳಿಗೆ ಸಿಕ್ಕಿಕೊಂಡರೆ

ಈ ವಾರದ ಪತ್ರ ದೂರದಿಂದ ಬಂದಿದೆ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿರುವ ಮಗಳ ಮನೆಗೆ ಹೋಗಿರುವ ಶಿವಮೊಗ್ಗ ಕಡೆಯ ಅಜ್ಜಿಯೊಬ್ಬರು ಬರೆದಿದ್ದಾರೆ:

"ಮೊಮ್ಮಗಳು ಗಾಜಿನ ಪೆಟ್ಟಿಗೆಯಲ್ಲಿ ಹಲ್ಲಿ ಸಾಕಿದ್ದಾಳೆ. ಮೈಮೇಲೆ ಚಿರತೆಗಿರುವ ಹಾಗೆ ಚುಕ್ಕೆಗಳು. ಮೊನ್ನೆ ಪೊರೆ ಬಿಟ್ಟಿತು. ಆದರೆ ಹಿಂಗಾಲಿನ ಎರಡು ಬೆರಳಲ್ಲಿ ಪೊರೆ ಹಾಗೇ ಅಂಟಿಕೊಂಡಿದೆ. ಮಗು ಉಗುರಿನಿಂದ ಕಿತ್ತುಬಿಡುತ್ತೇನೆ ಅನ್ನುತ್ತಾಳೆ. ನನಗೋ ಹಲ್ಲಿ ಕಂಡರೆ ಮೈ ಜುಮ್ಮೆನ್ನುತ್ತದೆ. ಹಗಲು ಮನೆಯಲ್ಲಿರುವುದು ನಾವಿಬ್ಬರೇ. ಏನು ಮಾಡಲಿ?"

ಪತ್ರಿಕೆ ಅಚ್ಚಾಗುವ ತನಕ ಕಾಯುವ ವಿಷಯ ಇದಲ್ಲ. ಅಜ್ಜಿಗೆ ಉತ್ತರವನ್ನು ಆಗಲೇ ಕಳಿಸಿದ್ದಾಗಿದೆ. ಅದನ್ನೇ ಎಲ್ಲ ಓದುಗರಿಗಾಗಿ ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಟ್ಟಿದೆ.

ಮೊದಲನೆಯ ಮಾತು: ಪುಟ್ಟೀ, ಕೀಳಬೇಡ! ಒಣಗಿ ಅಂಟಿರುವ ಪೊರೆಯನ್ನು ಎಳೆದರೆ ಅದರ ಜೊತೆ ಕೆಳಗಿನ ಎಳೆಯ ಚರ್ಮವೂ ಕಿತ್ತುಬರುತ್ತದೆ.

ಹಾಗೆಂದು ಸುಮ್ಮನೆ ಬಿಡುವಂತೆಯೂ ಇಲ್ಲ. ಬೆರಳಿನ ಸುತ್ತ ಉಳಿದ ಪೊರೆ ಒಣಗುತ್ತಾ ಒಣಗುತ್ತಾ ಬಿಗಿಯುತ್ತದೆ. ಬೆರಳು ಊದಿಕೊಂಡಾಗ ಉಂಗುರ ಕಚ್ಚಿಕೊಂಡು ಹಿಂಸೆ ಕೊಡುವುದು ಅಜ್ಜಿಯರಿಗೆ ಗೊತ್ತು. ಇದೂ ಹಾಗೆಯೇ. ರಕ್ತ ಹರಿಯುವುದು ನಿಂತರೆ ಬೆರಳು ಕಪ್ಪಾಗಿ ಉದುರಿಹೋಗುತ್ತದೆ. ಹಲ್ಲಿಯ ಬಾಲ ಕಡಿದರೆ ಮತ್ತೆ ಬೆಳೆಯುತ್ತದೆ, ಬೆರಳು ಬೆಳೆಯುವುದಿಲ್ಲ.

ಈ ಹಲ್ಲಿ ಯಾವುದು ಎಂದು ಮೊದಲು ತಿಳಿಯೋಣ. ಇಂಗ್ಲಿಷಿನಲ್ಲಿ ಇದನ್ನು ಲೆಪರ್ಡ್ ಗೆಕೊ ಎನ್ನುತ್ತಾರೆ. ನಾವು ಚಿರತೆ ಹಲ್ಲಿ ಎನ್ನೋಣ. ಇದು ಅಮೆರಿಕದ್ದಲ್ಲ, ನಮ್ಮ ನೆರೆಯದೇ. ಆಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ಭಾರತದ ವಾಯವ್ಯ ಭಾಗದ ಒಣ ಕಲ್ಲುನೆಲ ಇದರ ತವರು. 1854ರಲ್ಲಿ ಎಡ್ವರ್ಡ್ ಬ್ಲೈತ್ ಎಂಬ ವಿಜ್ಞಾನಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟರು. ಈಗ ಅಮೆರಿಕ, ಯುರೋಪುಗಳಲ್ಲಿ ಸಾಕುವ ಚಿರತೆ ಹಲ್ಲಿಗಳಲ್ಲಿ ಹೆಚ್ಚಿನವು ಅಲ್ಲೇ ಸಾಕಣೆಯಲ್ಲಿ ಹುಟ್ಟಿದವು. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತವೆ.

ನಮ್ಮ ಗೋಡೆಯ ಹಲ್ಲಿಗೂ ಇದಕ್ಕೂ ಎರಡು ವ್ಯತ್ಯಾಸಗಳಿವೆ. ನಮ್ಮ ಹಲ್ಲಿಗೆ ಕಣ್ಣು ಮಿಟುಕಿಸಲು ರೆಪ್ಪೆ ಇಲ್ಲ. ಅದು ನಾಲಗೆ ಚಾಚಿ ಕಣ್ಣು ಒರೆಸಿಕೊಳ್ಳುತ್ತದೆ. ಚಿರತೆ ಹಲ್ಲಿಗೆ ರೆಪ್ಪೆ ಇದೆ, ಮಿಟುಕಿಸುತ್ತದೆ. ನಮ್ಮ ಹಲ್ಲಿಯ ಪಾದ ಗೋಡೆಗೆ, ಚಾವಣಿಗೆ ಅಂಟುತ್ತದೆ. ಚಿರತೆ ಹಲ್ಲಿಗೆ ಅಂಥ ಪಾದವಿಲ್ಲ, ಅದು ನೆಲದ ಮೇಲೆ ಓಡಾಡುವ ಪ್ರಾಣಿ. ಅಜ್ಜೀ, ಅದು ಚಾವಣಿಯಿಂದ ನಿಮ್ಮ ಹೆಗಲ ಮೇಲೆ ಬೀಳುವ ಭಯವಂತೂ ಇಲ್ಲ!

ಇನ್ನು ಪೊರೆಯ ವಿಷಯ. ನಮ್ಮ ಚರ್ಮವೂ ಉದುರುತ್ತದೆ, ಆದರೆ ಕಣ್ಣಿಗೆ ಕಾಣದ ಪುಡಿಯಾಗಿ. ಹಲ್ಲಿಗೆ ಹಾಗಲ್ಲ. ಮೇಲಿನ ಪದರ ಗಟ್ಟಿ, ಅದು ಹಿಗ್ಗುವುದಿಲ್ಲ. ಅದರ ಅಡಿಯಲ್ಲಿ ಹೊಸ ಪದರ ತಯಾರಾದ ಮೇಲೆ ಹಳೆಯದನ್ನು ಇಡಿಯಾಗಿ ಕಳಚಬೇಕು. ಬೆಳೆಯುವ ಮರಿ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಪೊರೆ ಬಿಡುತ್ತದೆ. ದೊಡ್ಡ ಹಲ್ಲಿಗೆ ಸುಮಾರು ಒಂದೆರಡು ತಿಂಗಳಿಗೊಮ್ಮೆ.

ಕಳಚುವ ಮುಂಚೆ ಬಣ್ಣ ಮಾಸುತ್ತದೆ, ಮೈಗೆಲ್ಲ ವಿಭೂತಿ ಬಳಿದಂತೆ ಬೆಳ್ಳಗಾಗುತ್ತದೆ. ಊಟ ಕಡಿಮೆಯಾಗಬಹುದು. ಆಮೇಲೆ ಮೂತಿಯನ್ನು ಕಲ್ಲಿಗೆ ಉಜ್ಜಿ, ಪೊರೆಯನ್ನು ಬಿರಿಸಿ, ಬಾಯಲ್ಲಿ ಕಚ್ಚಿ ಎಳೆದು, ಬಿಗಿ ಬನಿಯನ್ ತೆಗೆಯುವಂತೆ ತೆಗೆಯುತ್ತದೆ. ತೆಗೆದದ್ದನ್ನು ಅಲ್ಲೇ ತಿಂದುಬಿಡುತ್ತದೆ! ಅಸಹ್ಯಪಡಬೇಡಿ. ಅದರಲ್ಲಿರುವ ಸತ್ತ್ವ ವ್ಯರ್ಥವಾಗುವುದಿಲ್ಲ, ಗುರುತೂ ಉಳಿಯುವುದಿಲ್ಲ. ನಮ್ಮ ಮನೆಯ ಹಲ್ಲಿಗಳೂ ಹೀಗೇ ಮಾಡುವುದರಿಂದ ಅವುಗಳ ಪೊರೆ ನಮ್ಮ ಕಣ್ಣಿಗೆ ಬೀಳುವುದು ಅಪರೂಪ.

ಹಾಗಾದರೆ ಈ ಹಲ್ಲಿಯ ಪೊರೆ ಏಕೆ ಅಂಟಿತು? ಉತ್ತರ ಅಜ್ಜಿಯ ಅಡುಗೆಮನೆಯಲ್ಲೇ ಇದೆ. ಒಣ ಬಾದಾಮಿಯ ಸಿಪ್ಪೆ ಸುಲಿಯಲು ಹೋಗಿ ನೋಡಿ, ಉಗುರು ನೋಯುತ್ತದೆ. ಅದನ್ನೇ ರಾತ್ರಿ ನೆನೆಹಾಕಿದರೆ ಬೆಳಗ್ಗೆ ಎರಡು ಬೆರಳಿನ ನಡುವೆ ಒತ್ತಿದೊಡನೆ ಸಿಪ್ಪೆ ಜಾರುತ್ತದೆ. ಹಿತಕಿದ ಬೇಳೆ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವರೆಕಾಳು ನೆನೆಯದಿದ್ದರೆ ಹಿತುಕಲು ಬರುವುದೇ ಇಲ್ಲ. ಹಲ್ಲಿಯ ಪೊರೆಯೂ ಅಷ್ಟೇ. ತೇವವಿದ್ದರೆ ಜಾರುತ್ತದೆ, ಒಣಗಿದರೆ ಕಚ್ಚಿಕೊಳ್ಳುತ್ತದೆ. ಫೀನಿಕ್ಸ್ ಇರುವುದು ಮರುಭೂಮಿಯಲ್ಲಿ. ಅದರ ಮೇಲೆ ಮನೆಯೊಳಗೆ ಏಸಿ, ಹಲ್ಲಿಯ ಪೆಟ್ಟಿಗೆಯಲ್ಲಿ ಬಿಸಿ ಕೊಡುವ ದೀಪ. ಗಾಳಿಯಲ್ಲಿ ಪಸೆ ಎಲ್ಲಿಂದ ಬರಬೇಕು?

"ಒಣನೆಲದ ಪ್ರಾಣಿಗೆ ತೇವ ಏಕೆ?" ಎಂದು ಜಾಣ ಮಕ್ಕಳು ಕೇಳಬಹುದು. ಮರಳುನೆಲದ ಮೇಲ್ಭಾಗ ಒಣಗಿದ್ದರೂ ಬಂಡೆಯ ಅಡಿ, ಬಿಲದ ಒಳಗೆ ತಣ್ಣನೆಯ ಪಸೆ ಇರುತ್ತದೆ. ಹಲ್ಲಿ ಹಗಲೆಲ್ಲ ಅಲ್ಲಿ ಅಡಗಿದ್ದು ಸಂಜೆ ಹೊರಬರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಆ ಬಿಲವನ್ನು ನಾವೇ ಮಾಡಿಕೊಡಬೇಕು. ಅದೇ ತೇವದ ಗೂಡು. ಮಾಡುವುದು ಸುಲಭ.

1. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ದೊಡ್ಡ ಚಿರತೆ ಹಲ್ಲಿ ಬಾಲ ಸೇರಿ 20ರಿಂದ 25 ಸೆಂಟಿಮೀಟರ್ ಇರುತ್ತದೆ. ಅದು ಒಳಗೆ ಆರಾಮಾಗಿ ತಿರುಗುವಷ್ಟು ಜಾಗವಿರಲಿ.

2. ಪಕ್ಕದಲ್ಲಿ ಹಲ್ಲಿಯ ಮೈ ಸಲೀಸಾಗಿ ನುಸುಳುವಷ್ಟು ಒಂದು ತೂತು ಮಾಡಬೇಕು. ಇದು ದೊಡ್ಡವರ ಕೆಲಸ. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ.

3. ಒಳಗೆ ಮೂರು ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಒದ್ದೆ ಮಾಡಿದ ಸ್ಫ್ಯಾಗ್ನಂ ಪಾಚಿ ಅಥವಾ ತೆಂಗಿನ ನಾರಿನ ಪುಡಿ ಹಾಕಿ. ಇಟ್ಟಿಗೆಯಂತೆ ಒತ್ತಿದ ಈ ಪುಡಿ ಅಲ್ಲಿನ ಅಂಗಡಿಗಳಲ್ಲಿಯೂ ಸಿಗುತ್ತದೆ. ತಿಪಟೂರು, ಅರಸೀಕೆರೆ ಕಡೆಯವರಿಗೆ ಇದೇನು ಹೊಸದಲ್ಲ. ಗೊಬ್ಬರ ಬೆರೆಸಿದ ಮಣ್ಣು ಬೇಡ. ಏನೂ ಸಿಗದಿದ್ದರೆ ಒದ್ದೆ ಪೇಪರ್ ಟವೆಲ್ ಸಾಕು.

4. ಎಷ್ಟು ಒದ್ದೆ? ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈಗೆ ಮಾತ್ರ ತಣ್ಣಗೆ ತಾಗಬೇಕು.

5. ಪೆಟ್ಟಿಗೆಯ ಬೆಚ್ಚಗಿನ ಬದಿಯಲ್ಲಿ, ಇಲ್ಲವೇ ನಡುವೆ ಇಡಿ. ತಣ್ಣನೆಯ ಮೂಲೆಯಲ್ಲಿಟ್ಟರೆ ಹಲ್ಲಿಗೆ ಚಳಿ ಹಿಡಿಯುತ್ತದೆ. ಒಳಗಿನ ಬಿಸಿ 32 ಡಿಗ್ರಿ ಸೆಲ್ಸಿಯಸ್ ದಾಟದಿರಲಿ, ಥರ್ಮಾಮೀಟರ್ ಇಟ್ಟು ನೋಡಿ.

6. ದಿನಕ್ಕೊಮ್ಮೆ ಮುಟ್ಟಿ ನೋಡಿ, ಒಣಗಿದ್ದರೆ ನೀರು ಚಿಮುಕಿಸಿ. ಪೇಪರ್ ಆದರೆ ಒಂದೆರಡು ದಿನಕ್ಕೊಮ್ಮೆ ಬದಲಿಸಿ. ಪಾಚಿ, ನಾರು ಕೊಳೆಯಾದ ಕೂಡಲೇ, ಬೂಸು ಬರುವ ಮೊದಲೇ ಎಸೆದು ಹೊಸದು ಹಾಕಿ.

ಒಂದು ಎಚ್ಚರಿಕೆ. ಒಳ್ಳೆಯದೆಂದು ಇಡೀ ಗಾಜಿನ ಪೆಟ್ಟಿಗೆಯನ್ನೇ ಒದ್ದೆ ಮಾಡಬೇಡಿ. ಸದಾ ಒದ್ದೆಯಲ್ಲಿದ್ದರೆ ಚಿರತೆ ಹಲ್ಲಿಗೆ ಉಸಿರಾಟದ ಕಾಯಿಲೆ, ಚರ್ಮದ ಸೋಂಕು ಬರುತ್ತದೆ. ಹೊರಗೆ ಒಣ, ಗೂಡಿನೊಳಗೆ ತೇವ, ಹೀಗಿರಬೇಕು. ಎಲ್ಲಿರಬೇಕೆಂಬುದನ್ನು ಹಲ್ಲಿಯೇ ಆರಿಸಿಕೊಳ್ಳುತ್ತದೆ. ಗೂಡನ್ನು ವರ್ಷವಿಡೀ ಇಟ್ಟಿರಿ. ಮೈ ಬೆಳ್ಳಗಾದ ದಿನ ಅದು ತಾನಾಗಿ ಒಳಗೆ ಹೋಗಿ ಕೂರುತ್ತದೆ.

ಈಗ ಆ ಎರಡು ಬೆರಳು. ಮುಚ್ಚಳದಲ್ಲಿ ಗಾಳಿತೂತುಗಳಿರುವ ಇನ್ನೊಂದು ಡಬ್ಬಿಯ ತಳಕ್ಕೆ ಪೇಪರ್ ಟವೆಲ್ ಹಾಸಿ. ಬೆರಳುಗಳಷ್ಟೇ ಮುಳುಗುವಂತೆ ಉಗುರುಬೆಚ್ಚಗಿನ ನೀರು ಹಾಕಿ. ಹಲ್ಲಿಯನ್ನು 15 ನಿಮಿಷ ಅದರಲ್ಲಿಡಿ, ಪಕ್ಕದಲ್ಲೇ ಕುಳಿತಿರಿ. ಆಮೇಲೆ ಒದ್ದೆ ಮಾಡಿದ ಹತ್ತಿಕಡ್ಡಿಯನ್ನು ಪಾದದಿಂದ ಬೆರಳ ತುದಿಯ ಕಡೆಗೆ ಮೆಲ್ಲಗೆ ಹೊರಳಿಸಿ. ನೆನೆದ ಪೊರೆ ತಾನೇ ಜಾರಬೇಕು. ಜಾರದಿದ್ದರೆ ಅಲ್ಲಿಗೇ ನಿಲ್ಲಿಸಿ, ನಾಳೆ ಮತ್ತೆ ನೆನೆಸಿ. ಉಂಗುರ ತೆಗೆಯಲು ಬಳಸುವ ಸೋಪು, ಎಣ್ಣೆ ಇಲ್ಲಿ ಬೇಡ. ಬಾಲ ಹಿಡಿದು ಎತ್ತಬೇಡಿ, ಗಾಬರಿಯಾದರೆ ಬಾಲವನ್ನೇ ಬಿಟ್ಟು ಓಡುತ್ತದೆ.

ಬೆರಳು ಊದಿ ಕೆಂಪಾಗಿದ್ದರೆ, ಕಪ್ಪಾಗಿದ್ದರೆ, ಎರಡು ಮೂರು ದಿನವಾದರೂ ಪೊರೆ ಬಿಡದಿದ್ದರೆ, ಇಲ್ಲವೇ ಕಣ್ಣಿನ ಮೇಲೆ ಪೊರೆ ಉಳಿದಿದ್ದರೆ ಮನೆಮದ್ದು ಸಾಕು. ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ಕರೆದೊಯ್ಯಬೇಕು. ಪ್ರತಿ ಸಲವೂ ಹೀಗೇ ಅಂಟುತ್ತಿದ್ದರೆ ಆಹಾರದಲ್ಲಿ ವಿಟಮಿನ್ ಕೊರತೆಯೂ ಇರಬಹುದು, ಅವರನ್ನೇ ಕೇಳಿ. ಅದರ ಊಟವೆಂದರೆ ಹುಳು ಮತ್ತು ಕ್ರಿಕೆಟ್. ಆಟದ ಕ್ರಿಕೆಟ್ ಅಲ್ಲ ಮಕ್ಕಳೇ, ರಾತ್ರಿ ಕಿರ್ರೆನ್ನುವ ಕೀಟ!

ಪುಟ್ಟಿಗೊಂದು ಕೆಲಸ. ಪ್ರತಿ ಸಲ ಪೊರೆ ಬಿಟ್ಟ ಮಾರನೆಯ ದಿನ ಟಾರ್ಚ್ ಹಿಡಿದು ಎಣಿಸು. ಪಾದಕ್ಕೆ ಐದರಂತೆ ನಾಲ್ಕು ಪಾದಕ್ಕೆ ಇಪ್ಪತ್ತು ಬೆರಳು. ಇಪ್ಪತ್ತೂ ಸ್ವಚ್ಛವಾಗಿವೆಯೇ? ಬಾಲದ ತುದಿ? ಕಣ್ಣಿನ ಸುತ್ತ? ನೋಡಿ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡು. ಕಣ್ಣು ಮಂಜಾಗಿರುವ ಅಜ್ಜಿಗೆ ಅಷ್ಟು ಸಣ್ಣ ಬೆರಳು ಕಾಣಲಾರದು. ಆದರೆ ನಿನಗೆ ಕಾಯುವ ತಾಳ್ಮೆ ಕಲಿಸಲು ಅಜ್ಜಿಗಿಂತ ಒಳ್ಳೆಯ ಗುರು ಸಿಗುವುದಿಲ್ಲ.

ಅಜ್ಜಿಗೂ ಒಂದು ಮಾತು. ಹಲ್ಲಿಯಲ್ಲಿ ವಿಷವಿಲ್ಲ, ಚಿರತೆ ಹಲ್ಲಿಯಲ್ಲೂ ಇಲ್ಲ, ನಮ್ಮ ಗೋಡೆಯ ಹಲ್ಲಿಯಲ್ಲೂ ಇಲ್ಲ. ಹಲ್ಲಿ ಬಿದ್ದ ಅಡುಗೆಯನ್ನು ಚೆಲ್ಲಬೇಕೆಂಬ ಹಿರಿಯರ ಮಾತು ಮಾತ್ರ ಸರಿಯೇ. ಅದಕ್ಕೆ ಕಾರಣ ವಿಷವಲ್ಲ, ಸಾಲ್ಮೊನೆಲ್ಲಾದಂಥ ರೋಗಾಣು. ಆದ್ದರಿಂದ ಹಲ್ಲಿಯನ್ನಾಗಲಿ ಅದರ ಡಬ್ಬಿಯನ್ನಾಗಲಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಡಬ್ಬಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳ ಕೈಗೆ ಹಲ್ಲಿ ಕೊಡಬಾರದು.

ಇಲ್ಲಿನ ಮಕ್ಕಳೇ, ಇದನ್ನು ಓದಿ ಹಲ್ಲಿ ಹಿಡಿಯಲು ಡಬ್ಬಿ ಹುಡುಕಬೇಡಿ! ಸಂರಕ್ಷಿತ ಪಟ್ಟಿಯಲ್ಲಿರುವ ಕಾಡುಜೀವಿಗಳನ್ನು ಹಿಡಿಯುವುದು ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗೋಡೆಯ ಹಲ್ಲಿಗೆ ಗೂಡು ಮಾಡಿಕೊಡುವ ಅಗತ್ಯವೂ ಇಲ್ಲ, ಬಚ್ಚಲುಮನೆಯ ಸಂದಿಯೋ ದೇವರಪಟದ ಹಿಂಬದಿಯೋ ಅದಕ್ಕೆ ಸಾಕು. ರಾತ್ರಿ ಟ್ಯೂಬ್‌ಲೈಟಿನ ಹತ್ತಿರ ಕಣ್ಣಿಟ್ಟಿರಿ. ಬೆಳ್ಳಗೆ ಮಾಸಿದ ಹಲ್ಲಿ ಕಂಡರೆ ಅಜ್ಜ ಅಜ್ಜಿಯನ್ನೂ ಕರೆದು ಸದ್ದಿಲ್ಲದೆ ನೋಡಿ. ಅದು ಅಂಗಿ ಬಿಚ್ಚುವುದನ್ನು ಕಂಡವರು ನಮಗೆ ಬರೆದು ತಿಳಿಸಿ.