ಕೇಕಿನ ಜೊತೆಗೆ ಕೂರಲು ಒಂದು ಸ್ಟೂಲೂ ಇರಲಿ

ಡಿಸೆಂಬರ್ ಎರಡನೇ ವಾರ ದಾಟಿತೆಂದರೆ ಹೆಬ್ಬಾಳದಿಂದ ಯಲಹಂಕದವರೆಗೆ ಬಳ್ಳಾರಿ ರಸ್ತೆಯ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡುತ್ತವೆ. ಆರ್.ಟಿ. ನಗರದ ಬೇಕರಿಗಳಲ್ಲಿ ಪ್ಲಮ್ ಕೇಕಿನ ಸಾಲು, ಯಶವಂತಪುರದ ಕಡೆಯ ಮಾಲ್‌ಗಳಲ್ಲಿ ರಿಯಾಯಿತಿಯ ಬೋರ್ಡು. 2023ರ ವರ್ಷಾಂತ್ಯದಲ್ಲಿ ಬ್ಯಾಟರಾಯನಪುರದ ಮಾಲ್ ಆಫ್ ಏಷ್ಯಾದ ಮುಂದೆ ವಾಹನಗಳ ಒತ್ತಡ ತಾಳಲಾರದೆ ನಗರ ಪೊಲೀಸ್ ಕಮಿಷನರ್ ಸಾರ್ವಜನಿಕರ ಪ್ರವೇಶಕ್ಕೇ ನಿರ್ಬಂಧ ಹಾಕಿದ್ದರು, ವಿಷಯ ಹೈಕೋರ್ಟಿಗೂ ಹೋಯಿತು. ರಸ್ತೆಯಲ್ಲಿ ಸಿಕ್ಕಿಕೊಂಡವರ ಕಷ್ಟ ದೊಡ್ಡ ಸುದ್ದಿಯಾಯಿತು. ಒಳಗೆ ಬೆಳಗಿನಿಂದ ನಿಂತು ಬಿಲ್ ಹಾಕುತ್ತಿದ್ದವರ ಕಷ್ಟಕ್ಕೆ ಅಷ್ಟು ಜಾಗ ಸಿಗಲಿಲ್ಲ.

ಅವರು ನಮ್ಮ ಕಡೆಯ ಮಕ್ಕಳು. ದೊಡ್ಡಬಳ್ಳಾಪುರ, ಗೌರಿಬಿದನೂರು, ಚಿಕ್ಕಬಳ್ಳಾಪುರದಿಂದ ಬೆಳಗಿನ ರೈಲು, ಬಸ್ಸು ಹಿಡಿದು ಬರುವವರು. ರಾಯಚೂರು, ಕಲಬುರಗಿ ಕಡೆಯಿಂದ ಬಂದು ಪಿ.ಜಿ.ಗಳಲ್ಲಿ ಇರುವವರೂ ಇದ್ದಾರೆ. ಪಿಯುಸಿ ಇಲ್ಲವೇ ಡಿಗ್ರಿ ಮುಗಿಸಿ, ಊರಲ್ಲಿ ಕೆಲಸ ಸಿಗದೆ, ಅಂಗಡಿಯ ಟೀ ಶರ್ಟು ತೊಟ್ಟು ನಿಂತವರು.

ಹಬ್ಬದ ಹೊತ್ತಿನಲ್ಲಿ ಇವರನ್ನು ನೆನೆಯುವ ಕ್ರೈಸ್ತ ಕುಟುಂಬಗಳನ್ನು ನಾನು ಕಂಡಿದ್ದೇನೆ. ಮಂಗಳೂರು ಕಡೆಯವರು ಮನೆಯಲ್ಲಿ ಮಾಡಿದ ಕುಸ್ವಾರಿನಲ್ಲಿ ಒಂದು ಪಾಲು ತಂದು ಸೆಕ್ಯೂರಿಟಿಯವರ ಕೈಗಿಡುತ್ತಾರೆ. ಮಕ್ಕಳ ಕೈಯಲ್ಲಿ ಬರೆಸಿದ ಕಾರ್ಡಿನ ಜೊತೆ ಕ್ಯಾಷ್ ಕೌಂಟರಿನ ಹುಡುಗಿಗೆ ಕೇಕು ಕೊಡುವವರಿದ್ದಾರೆ. ಹಬ್ಬದ ಅಡುಗೆಯನ್ನು ನೆರೆಯವರಿಗೆ ಹಂಚುವುದು ನಮ್ಮಲ್ಲಿ ಹೊಸದಲ್ಲ. ಯುಗಾದಿಯ ಒಬ್ಬಟ್ಟು, ರಂಜಾನಿನ ಸುರಕುಂಬಾ ಬೇಲಿ ದಾಟುವ ಹಾಗೆಯೇ ಇದೂ. ಆದರೆ ಇಲ್ಲಿ ತಿಂಡಿ ಹೋಗುತ್ತಿರುವುದು ನೆರೆಮನೆಗಲ್ಲ, ಹೆಸರೂ ಗೊತ್ತಿಲ್ಲದ ಕೆಲಸಗಾರರಿಗೆ. ಅದಕ್ಕೇ ಇದರ ಬೆಲೆ ಹೆಚ್ಚು.

ಯಲಹಂಕ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ ಒಬ್ಬ ಹುಡುಗಿಯನ್ನು ಈ ಬಗ್ಗೆ ಕೇಳಿದೆ. ಬಟ್ಟೆ ಅಂಗಡಿಯಲ್ಲಿ ಕೆಲಸ. "ಕೇಕ್ ಕೊಟ್ರೆ ಖುಷಿ ಆಗುತ್ತಣ್ಣ. ನಮ್ಮನ್ನೂ ಮನುಷ್ಯರು ಅಂತ ನೋಡಿದ್ರಲ್ಲ ಅಂತ. ಆದ್ರೆ ಅದನ್ನ ತಿನ್ನೋಕೆ ಟ್ರಯಲ್ ರೂಮಿಗೆ ಹೋಗ್ಬೇಕು. ಕೂತ್ಕೊಳೋಕೆ ಸ್ಟೂಲಿರೋದು ಅಲ್ಲಿ ಮಾತ್ರ" ಎಂದಳು.

ನನ್ನ ತಕರಾರು ಇರುವುದು ಇಲ್ಲಿಯೇ. ಕೇಕು ಕೊಡುವುದು ಒಳ್ಳೆಯದು, ಆದರೆ ಅಲ್ಲಿಗೇ ನಿಲ್ಲಬಾರದು. ಕ್ರೈಸ್ತರ ಗ್ರಂಥವೂ ಅಲ್ಲಿಗೆ ನಿಲ್ಲುವುದಿಲ್ಲ. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂಬ ಕಟ್ಟಳೆ ಅದರಲ್ಲಿದೆ. ಸಂಜೆ ಬಂದ ಆಳಿಗೂ ಪೂರ್ತಿ ದಿನದ ಕೂಲಿ ಕೊಟ್ಟ ದ್ರಾಕ್ಷಿ ತೋಟದ ಯಜಮಾನನ ಕಥೆ ಯೇಸುವೇ ಹೇಳಿದ್ದು. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಹೊರಡಿಸಿದ ವಿಶ್ವಪತ್ರ ದುಡಿಯುವವರ ನ್ಯಾಯವಾದ ಕೂಲಿ ಮತ್ತು ವಿಶ್ರಾಂತಿಯ ಬಗ್ಗೆಯೇ ಇದೆ. ಅಂದರೆ ಕೂಲಿ, ಹೊತ್ತು, ವಿಶ್ರಾಂತಿ ಇವೆಲ್ಲ ಆ ಧರ್ಮದ ಹೊರಗಿನ ಮಾತಲ್ಲ.

ಗಿರಾಕಿಗಳು ಸೇರಿ ಇಂಥ ಕೆಲಸ ಮಾಡಿದ ಉದಾಹರಣೆಯೂ ಇದೆ. ಅಮೆರಿಕದಲ್ಲಿ 1899ರಲ್ಲಿ ಶುರುವಾದ ನ್ಯಾಷನಲ್ ಕನ್ಸ್ಯೂಮರ್ಸ್ ಲೀಗ್, ಫ್ಲಾರೆನ್ಸ್ ಕೆಲಿ ಎಂಬ ಹೆಣ್ಣುಮಗಳ ಮುಂದಾಳತ್ವದಲ್ಲಿ, ಕ್ರಿಸ್‌ಮಸ್ ಖರೀದಿಯನ್ನು ಬೇಗ ಮುಗಿಸಿ ಎಂದು ಪ್ರಚಾರ ಮಾಡಿತು. ಕೊನೆಯ ದಿನಗಳ ನೂಕುನುಗ್ಗಲಿನಿಂದ ಅಂಗಡಿಯ ಹುಡುಗಿಯರು ನಡುರಾತ್ರಿಯವರೆಗೆ ದುಡಿಯಬೇಕಾಗುತ್ತದೆ ಎಂಬುದೇ ಕಾರಣ. ಅದೇ ವರ್ಷ ಬ್ರಿಟನ್ನಿನಲ್ಲಿ ಪ್ರತಿ ಮೂವರು ಹೆಣ್ಣು ಕೆಲಸಗಾರರಿಗೆ ಕನಿಷ್ಠ ಒಂದು ಆಸನ ಇಡಬೇಕೆಂಬ ಕಾಯ್ದೆ ಬಂತು.

ನಮ್ಮ ಪಕ್ಕದಲ್ಲೇ ನೋಡಿ. ಕೋಯಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಪಿ. ವಿಜಿ ಎಂಬ ಟೈಲರ್ ಜೊತೆ ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿತು. 2021ರಲ್ಲಿ ತಮಿಳುನಾಡೂ ಸೇರಿಸಿತು. ನಮ್ಮ ರಾಜ್ಯದ ಅಂಗಡಿ ಕಾಯ್ದೆಗೂ ಅದನ್ನು ಅಷ್ಟೇ ಸ್ಪಷ್ಟವಾಗಿ ಬರೆಯಬೇಕು.

ಇನ್ನು ಇರುವ ಕಾಯ್ದೆಯ ಮಾತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. ಅದಕ್ಕೂ ಹೆಚ್ಚು ದುಡಿಸಿದರೆ ಎರಡು ಪಟ್ಟು ಕೂಲಿ. 5 ಗಂಟೆ ದುಡಿದ ಮೇಲೆ 1 ಗಂಟೆ ಬಿಡುವು. ವಾರಕ್ಕೊಂದು ರಜೆ. ಆದರೆ ಹಬ್ಬದ ತಿಂಗಳಲ್ಲಿ "ರಜೆ ಕೇಳಬೇಡಿ" ಎಂಬ ಮಾತು ವಾಟ್ಸಾಪ್ ಗ್ರೂಪಿಗೆ ಬಂದು ಬಿದ್ದರೆ ಎದುರು ಮಾತಾಡುವವರು ಯಾರು? ಎಷ್ಟೋ ಹುಡುಗರು ಅಂಗಡಿಯ ನೌಕರರೂ ಅಲ್ಲ, ಏಜೆನ್ಸಿಯ ಮೂಲಕ ಬಂದವರು. ಒಂದು ಮಾತು ಜಾಸ್ತಿ ಆಡಿದರೆ ಮರುದಿನ ಬೇರೆಯವನು ಆ ಜಾಗದಲ್ಲಿರುತ್ತಾನೆ. ಕಾಲಂ ಲೆಕ್ಕದಲ್ಲಿ ದುಡ್ಡು ಪಡೆಯುವ ನನ್ನಂಥ ಸ್ಟ್ರಿಂಗರ್‌ಗಳಿಗೆ ಈ ಹೆದರಿಕೆ ಚೆನ್ನಾಗಿ ಗೊತ್ತು.

ಇನ್ನೊಂದು ಸಂಗತಿ. ಕೌಂಟರಿನ ಹಿಂದೆ ನಿಂತವರಲ್ಲಿ ಕ್ರೈಸ್ತರೂ ಇದ್ದಾರೆ. 24ರ ರಾತ್ರಿ ಮನೆಯವರೆಲ್ಲ ಬಲಿಪೂಜೆಗೆ ಹೊರಟಾಗ ಇವರು ಇನ್ನೂ ಬಾರ್‌ಕೋಡ್ ಒತ್ತುತ್ತಿರುತ್ತಾರೆ. ಸಹವಿಶ್ವಾಸಿಯ ಹಬ್ಬ ನಮ್ಮ ಖರೀದಿಯಿಂದಲೇ ಕೈ ತಪ್ಪುತ್ತಿದೆ ಎಂಬುದು ಆ ರಾತ್ರಿ ಅಂಗಡಿಗೆ ಹೋಗುವವರಿಗೆ ತಟ್ಟಬೇಕು.

"ಗಿರಾಕಿ ಬೇಗ ಬಂದರೇನು, ತಡವಾಗಿ ಬಂದರೇನು, ಅಂಗಡಿ ಹೇಗೂ ತೆರೆದೇ ಇರುತ್ತದಲ್ಲ" ಎನ್ನಬಹುದು. ನಿಜ, ಒಬ್ಬರಿಂದ ಶಟರ್ ಇಳಿಯುವುದಿಲ್ಲ. ಆದರೆ ಉತ್ತರ ಬೆಂಗಳೂರಿನ ಚರ್ಚುಗಳಲ್ಲಿ ಭಾನುವಾರ ಸೇರುವವರು ಒಬ್ಬಿಬ್ಬರಲ್ಲ. ಫಾದರ್, ಪಾಸ್ಟರ್‌ಗಳು ಡಿಸೆಂಬರಿನ ಮೊದಲ ಭಾನುವಾರವೇ ಖರೀದಿ ಬೇಗ ಮುಗಿಸಿ ಎಂದು ಹೇಳಲಿ. ಸಭೆಯ ನಾಲ್ಕು ಹಿರಿಯರು ಹೋಗಿ ಮಾಲಿನ ಮ್ಯಾನೇಜರನ್ನು ಕೇಳಲಿ: ಕೂರಲು ಸ್ಟೂಲಿದೆಯಾ? ಓವರ್‌ಟೈಮ್ ಎರಡು ಪಟ್ಟು ಕೊಡುತ್ತೀರಾ? ತಡರಾತ್ರಿ ಹೆಣ್ಣುಮಕ್ಕಳನ್ನು ಮನೆಗೆ ಬಿಡಲು ಗಾಡಿ ಇದೆಯಾ? ಕೆಲಸಗಾರ ಕೇಳಿದರೆ ಕೆಲಸ ಹೋದೀತು. ಗಿರಾಕಿ ಕೇಳಿದರೆ ಮ್ಯಾನೇಜರ್ ಎದ್ದು ನಿಂತು ಉತ್ತರ ಕೊಡುತ್ತಾನೆ.

ದೀಪಾವಳಿಗೆ, ಯುಗಾದಿಗೆ, ರಂಜಾನಿಗೆ ಖರೀದಿ ಮಾಡುವ ಉಳಿದವರಿಗೂ ಈ ಮಾತು ಅನ್ವಯಿಸುತ್ತದೆ. ಕ್ರೈಸ್ತ ಕುಟುಂಬಗಳು ಕೇಕು ಕೊಟ್ಟು ದಾರಿ ತೋರಿಸಿವೆ. ಮುಂದಿನ ಹೆಜ್ಜೆಯನ್ನೂ ಅವರೇ ಇಟ್ಟರೆ ಉಳಿದವರು ಹಿಂದೆ ಬರಬಹುದು.